ಮಲೆನಾಡಿನಲ್ಲಿ ಮೀನುಮರಿ ಟ್ಯಾಂಕಿನ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಶಿವಮೊಗ್ಗ ಕಡೆ ಹಿತ್ತಲಲ್ಲೋ ತೋಟದ ಅಂಚಿನಲ್ಲೋ ಸಿಮೆಂಟ್ ಟ್ಯಾಂಕ್, ಟಾರ್ಪಾಲಿನ್ ಟ್ಯಾಂಕ್ ಮಾಡಿಕೊಂಡು ಕಾಟ್ಲಾ, ರೋಹು, ಗೆಂಡೆ ಮರಿ ಬೆಳೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಮರಿ ಬೆರಳುದ್ದ ಆಗುವ ತನಕ ಟ್ಯಾಂಕಿನಲ್ಲಿ ಸಾಕಿ, ಆಮೇಲೆ ಕೃಷಿ ಹೊಂಡಕ್ಕೋ ಕೆರೆಗೋ ಬಿಡುವುದು ಇಲ್ಲಿನ ಲೆಕ್ಕಾಚಾರ. ಬಯಲುಸೀಮೆಯ ಗಡಸು ನೀರಿಗೆ ಹೇಳಿದ ಸಲಹೆ ನಮ್ಮ ನೀರಿಗೆ ಹಾಗೇ ಹೊಂದುವುದಿಲ್ಲ. ಅದಕ್ಕೇ ನಮ್ಮ ಕಡೆಯ ನೀರನ್ನೇ ಮುಂದಿಟ್ಟುಕೊಂಡು ಉತ್ತರ ಕೊಟ್ಟಿದ್ದೇನೆ.

ನಮ್ಮ ಬಾವಿ ನೀರು ಕುಡಿಯೋಕೆ ಇಷ್ಟು ಚೆನ್ನಾಗಿದೆ. ಆದರೂ ಮರಿ ಯಾಕೆ ಸಾಯುತ್ತವೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನೀರು ತಳ ಕಾಣುವಷ್ಟು ತಿಳಿಯಾಗಿರುತ್ತದೆ, ರುಚಿಯೂ ಚೆನ್ನಾಗಿರುತ್ತದೆ. ಆದರೆ ಮರಿಗೆ ಬೇಕಾದ ಒಂದು ಅಂಶ ಅದರಲ್ಲಿ ಇರುವುದಿಲ್ಲ. ಅದೇ ಅಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೋನೇಟ್‌ನ ಅಂಶ.

ನಮ್ಮದು ಜಂಬಿಟ್ಟಿಗೆ ಮಣ್ಣಿನ ನಾಡು. ಸಾವಿರಾರು ವರ್ಷಗಳಿಂದ ಸುರಿದ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಆ ಮಣ್ಣಿನಲ್ಲಿ ಇಳಿದು ಬಾವಿಗೆ ಬರುವ ನೀರು ಮೆದು ನೀರು, ಸ್ವಲ್ಪ ಹುಳಿ ಕಡೆಗೇ ಇರುತ್ತದೆ. ಸೋಪು ಹಚ್ಚಿದರೆ ನೊರೆ ಚೆನ್ನಾಗಿ ಬರುತ್ತದೆ, ಪಾತ್ರೆಗೆ ಬಿಳಿ ಕರೆ ಕಟ್ಟುವುದಿಲ್ಲ. ಮನೆಗೆ ಇದಕ್ಕಿಂತ ಒಳ್ಳೆಯ ನೀರಿಲ್ಲ. ಮರಿ ಟ್ಯಾಂಕಿಗೆ ಮಾತ್ರ ಅದು ಸಾಲದು.

ಅಲ್ಕಲಿನಿಟಿ ಇದ್ದರೆ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗದ್ದೆಗೆ ಬದು ಇದ್ದ ಹಾಗೆ. ಅದಿಲ್ಲದ ನೀರಿನಲ್ಲಿ ಪಾಚಿ ಬೆಳೆದರೆ ಮಧ್ಯಾಹ್ನ ಪಿಎಚ್ 9 ದಾಟುತ್ತದೆ, ರಾತ್ರಿ 6.5ಕ್ಕೆ ಇಳಿಯುತ್ತದೆ. ದೊಡ್ಡ ಮೀನು ಹೇಗೋ ತಡೆದುಕೊಳ್ಳುತ್ತದೆ. ಕಾಲಿಂಚು ಉದ್ದದ ಮರಿ ತಡೆಯುವುದಿಲ್ಲ. ಲೀಟರಿಗೆ 20 ಮಿಲಿಗ್ರಾಂಗಿಂತ ಕಮ್ಮಿ ಇದ್ದರೆ ಮರಿ ಬಿಡಲೇಬೇಡಿ. 50 ದಾಟಿದ್ದರೆ ಶುರು ಮಾಡಬಹುದು. 75ರಿಂದ 150 ಇದ್ದರೆ ಆರಾಮ.

ಅಲ್ಕಲಿನಿಟಿ ಅಳೆಯೋದು ಹೇಗೆ? ಲ್ಯಾಬಿಗೇ ಕೊಡಬೇಕಾ?

ಬೇಡ. ಅಕ್ವೇರಿಯಂ ಸಾಮಾನಿನ ಅಂಗಡಿಗಳಲ್ಲಿ ಹನಿ ಹಾಕಿ ನೋಡುವ ಕಿಟ್ ಸಿಗುತ್ತದೆ. ಪುಟ್ಟ ಗಾಜಿನ ನಳಿಕೆಗೆ ಗೆರೆಯ ತನಕ ಟ್ಯಾಂಕಿನ ನೀರು ತುಂಬಿ. ಬಾಟಲಿಯಿಂದ ಒಂದು ಹನಿ ಹಾಕಿ, ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ಇನ್ನೊಂದು ಹನಿ, ಮತ್ತೆ ಅಲ್ಲಾಡಿಸಿ. ಒಂದು ಹಂತದಲ್ಲಿ ಬಣ್ಣ ಫಕ್ಕನೆ ತಿರುಗುತ್ತದೆ. ಅಲ್ಲಿಗೆ ಎಷ್ಟು ಹನಿ ಆಯಿತು ಅಂತ ಲೆಕ್ಕ ಹಾಕಿ. ಕೆಲವು ಕಿಟ್‌ಗಳಲ್ಲಿ ಒಂದು ಹನಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಬಾವಿ ನೀರು ಒಂದನೇ ಹನಿಗೋ ಎರಡನೇ ಹನಿಗೋ ಬಣ್ಣ ತಿರುಗಿಸಿಬಿಟ್ಟರೆ, ಮರಿ ಸಾಯುತ್ತಿದ್ದುದಕ್ಕೆ ಅರ್ಧ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ದುಡ್ಡು ಕಮ್ಮಿ ಇದ್ದರೆ ನನ್ನ ಸಲಹೆ ಇಷ್ಟೇ: ಮೊದಲು ಅಲ್ಕಲಿನಿಟಿ ಕಿಟ್, ಆಮೇಲೆ ಅಮೋನಿಯಾ ಮತ್ತು ಪಿಎಚ್ ಕಿಟ್. ಆಕ್ಸಿಜನ್ ಮೀಟರಿಗೆ ಬೆಲೆ ಜಾಸ್ತಿ. ಅದು ಇಲ್ಲದಿದ್ದರೂ ಮರಿಯನ್ನು ನೋಡಿಯೇ ತಿಳಿದುಕೊಳ್ಳಬಹುದು. ಅಲ್ಕಲಿನಿಟಿಯನ್ನು ಮಾತ್ರ ಹಾಗೆ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ.

ಕಮ್ಮಿ ಇದೆ ಅಂತ ಗೊತ್ತಾಯ್ತು. ಏನು ಹಾಕೋದು?

ಅಡುಗೆ ಸೋಡಾ. ಕೈಗೆ ಸಿಗುವಂಥದ್ದು, ಲೆಕ್ಕವೂ ಸುಲಭ. 1000 ಲೀಟರ್ ನೀರಿನ ಅಲ್ಕಲಿನಿಟಿಯನ್ನು 50 ಮಿಲಿಗ್ರಾಂ ಏರಿಸಲು 84 ಗ್ರಾಂ ಸೋಡಾ ಬೇಕು. ಬಕೆಟಿನಲ್ಲಿ ಪೂರ್ತಿ ಕರಗಿಸಿ, ಟ್ಯಾಂಕಿನ ಸುತ್ತ ಎರಚಿ. ಮರಿ ಒಳಗಿದ್ದರೆ ಒಂದೇ ಸಲ ಹಾಕದೆ ಎರಡು ಮೂರು ದಿನಕ್ಕೆ ಹಂಚಿ ಹಾಕಿ. ಎಷ್ಟೇ ಹಾಕಿದರೂ ಸೋಡಾ ಪಿಎಚ್ ಅನ್ನು 8.3ರ ಆಸುಪಾಸಿಗಿಂತ ಮೇಲೆ ತಳ್ಳುವುದಿಲ್ಲ. ಅದೇ ಅದರ ಒಳ್ಳೆಯ ಗುಣ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಒಗೆಯುವ ಸೋಡಾ ಬೇರೆ. ಅವೆರಡನ್ನೂ ಹಾಕಬೇಡಿ.

ಟ್ಯಾಂಕ್ ಎಷ್ಟು ಲೀಟರ್ ಅಂತ ಸರಿಯಾಗಿ ಲೆಕ್ಕ ಹಾಕಿಕೊಳ್ಳಿ. 3 ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ 1 ಮೀಟರ್ ನೀರಿದ್ದರೆ ಸುಮಾರು 7000 ಲೀಟರ್. ಅಂದಾಜಿನ ಮೇಲೆ ಔಷಧಿ, ಉಪ್ಪು, ಸೋಡಾ ಹಾಕುವವರ ಟ್ಯಾಂಕಿನಲ್ಲೇ ಎಡವಟ್ಟು ಜಾಸ್ತಿ.

ಕಪ್ಪೆಚಿಪ್ಪಿನ ಚೂರನ್ನು ಬಲೆ ಚೀಲದಲ್ಲಿ ಕಟ್ಟಿ, ನೀರು ಹರಿದಾಡುವ ಜಾಗದಲ್ಲಿ ಇಳಿಬಿಡುವುದೂ ಒಳ್ಳೆಯದೇ. ಅದು ನಿಧಾನವಾಗಿ ಕರಗುತ್ತಾ ಕ್ಯಾಲ್ಸಿಯಂ ಕೊಡುತ್ತದೆ. ಮೆದು ನೀರಿನ ಮರಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಆದರೆ ಅದೊಂದನ್ನೇ ನಂಬಿ ಕೂರಬೇಡಿ, ಅಷ್ಟು ಬೇಗ ಅದು ಕೆಲಸ ಮಾಡುವುದಿಲ್ಲ.

ಮನೆಯಲ್ಲಿ ಸುಣ್ಣ ಇದೆ. ಅದನ್ನೇ ಹಾಕಿದರೆ?

ಮರಿ ಇರುವ ಟ್ಯಾಂಕಿಗೆ ಬೇಡ. ಗೋಡೆಗೆ ಬಳಿಯುವ ಸುಣ್ಣ ಪಿಎಚ್ ಅನ್ನು ಒಂದೇ ಏಟಿಗೆ ಮೇಲೆತ್ತುತ್ತದೆ. ಮೆದು ನೀರಿನಲ್ಲಂತೂ ಒಂದು ಹಿಡಿ ಹೆಚ್ಚಾದರೂ ಮರಿಯ ಕಿವಿರು ಸುಡುತ್ತದೆ. ಮಣ್ಣಿನ ಹೊಂಡ ಒಣಗಿಸಿದಾಗ ತಳಕ್ಕೆ ಹಾಕಲು ಸುಣ್ಣ ಸರಿ.

ಬಾವಿ, ಅಬ್ಬಿ, ಬೋರ್, ನಲ್ಲಿ – ಯಾವ ನೀರು ಒಳ್ಳೆಯದು?

ನಾಲ್ಕನ್ನೂ ಬಳಸಬಹುದು. ಒಂದೊಂದಕ್ಕೂ ಒಂದೊಂದು ಸಿದ್ಧತೆ ಬೇಕು.

ಬಾವಿ ನೀರಿನ ಕೊರತೆ ಏನು ಅಂತ ಮೇಲೆ ಹೇಳಿದ್ದೇನೆ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಇನ್ನೂ ಮೆದು, ಇನ್ನೂ ತಣ್ಣಗೆ. ಮಳೆಗಾಲದಲ್ಲಿ ಕೆಂಪಗೂ ಬರುತ್ತದೆ. ಅದನ್ನು ನೇರ ಮರಿ ಟ್ಯಾಂಕಿಗೆ ಬಿಡದೆ ಇನ್ನೊಂದು ತೊಟ್ಟಿಯಲ್ಲಿ ನಿಲ್ಲಿಸಿ, ಬಿಸಿಲು ಕಾಣಿಸಿ, ಸೋಡಾ ಕೂಡಿಸಿ ಆಮೇಲೆ ಬಿಡಿ.

ಬೋರ್ ನೀರಿನಲ್ಲಿ ಅಲ್ಕಲಿನಿಟಿ ಸಾಮಾನ್ಯವಾಗಿ ಬಾವಿ ನೀರಿಗಿಂತ ಚೆನ್ನಾಗಿರುತ್ತದೆ. ಆದರೆ ಭೂಮಿಯೊಳಗಿಂದ ಬಂದಾಗ ಅದರಲ್ಲಿ ಆಕ್ಸಿಜನ್ ಇರುವುದಿಲ್ಲ ಅಂತಲೇ ಹೇಳಬೇಕು, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಕೆಲವು ಕಡೆ ಕಬ್ಬಿಣವೂ ಇರುತ್ತದೆ. ಬಕೆಟಿಗೆ ಹಿಡಿದಾಗ ತಿಳಿಯಾಗಿದ್ದು, ಮಾರನೇ ದಿನ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿದ್ದರೆ ಅದು ಕಬ್ಬಿಣ. ಆ ಗಸಿ ಮರಿಯ ಕಿವಿರಿಗೆ ಅಂಟಿಕೊಂಡರೆ ಉಸಿರಾಟವೇ ನಿಲ್ಲುತ್ತದೆ. ನೀರನ್ನು ಎತ್ತರದಿಂದ ತೂತಿನ ಪೈಪಿನಲ್ಲಿ ಬೀಳಿಸಿ, ಒಂದು ದಿನ ಗಾಳಿ ಕೊಟ್ಟು, ಗಸಿ ಕೂತ ಮೇಲೆ ಮೇಲಿನ ನೀರನ್ನಷ್ಟೇ ತೆಗೆದುಕೊಳ್ಳಿ.

ಶಿವಮೊಗ್ಗ ಪೇಟೆಯ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ನಿಯಮ. ಮರಿಗೆ ಅದರ ಹತ್ತನೇ ಒಂದು ಭಾಗವೂ ಒಳ್ಳೆಯದಲ್ಲ. ಅಗಲ ಬಾಯಿಯ ತೊಟ್ಟಿಯಲ್ಲಿ ಗಾಳಿ ಕೊಡುತ್ತಾ ಒಂದೆರಡು ದಿನ ಬಿಡಿ. ಅಷ್ಟು ಹೊತ್ತು ಇಲ್ಲ ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು 1000 ಲೀಟರಿಗೆ 5 ಗ್ರಾಂ ಹಾಕಿದರೆ ಸಾಮಾನ್ಯವಾಗಿ ಸಾಕು. ಮಳೆಗಾಲದಲ್ಲಿ ಕುಡಿಯುವ ನೀರಿನ ಬಾವಿಗಳಿಗೂ ಬ್ಲೀಚಿಂಗ್ ಪೌಡರ್ ಹಾಕುವುದುಂಟು. ಹಾಕಿದ ದಿನ ಯಾವುದು ಅಂತ ಕೇಳಿಕೊಂಡು, ನಾಲ್ಕೈದು ದಿನ ಆ ನೀರನ್ನು ಟ್ಯಾಂಕಿಗೆ ಬಿಡಬೇಡಿ.

ಹೊಸ ಸಿಮೆಂಟ್ ಟ್ಯಾಂಕ್ ಕಟ್ಟಿಸಿದ್ದೇವೆ. ಯಾವಾಗ ಮರಿ ಬಿಡಬಹುದು?

ಸಿಮೆಂಟಿನಿಂದ ಸುಣ್ಣದ ಅಂಶ ಬಿಡುತ್ತಲೇ ಇರುತ್ತದೆ. ಹೊಸ ಟ್ಯಾಂಕಿನಲ್ಲಿ ಪಿಎಚ್ 10ರ ಮೇಲೆ ಇರುವುದು ಮಾಮೂಲಿ. ನಮ್ಮ ಮೆದು ನೀರಿನಲ್ಲಿ ಇದು ಇನ್ನೂ ಬೇಗ ಏರುತ್ತದೆ. ನೀರು ತುಂಬಿ ನಾಲ್ಕೈದು ದಿನ ಬಿಟ್ಟು ಖಾಲಿ ಮಾಡಿ, ಗೋಡೆ ಉಜ್ಜಿ, ಮತ್ತೆ ತುಂಬಿ. ಹೀಗೆ ಮೂರು ನಾಲ್ಕು ಸಲವಾದರೂ ಆಗಬೇಕು. ಬಾಳೆದಿಂಡು ಕೊಚ್ಚಿ ಹಾಕಿ ಕೊಳೆಸುವವರಿದ್ದಾರೆ, ಸೆಗಣಿ ಕದಡುವವರೂ ಇದ್ದಾರೆ. ಕೊಳೆಯುವಾಗ ಹುಟ್ಟುವ ಹುಳಿ ಅಂಶ ಸುಣ್ಣವನ್ನು ಸ್ವಲ್ಪ ಮಟ್ಟಿಗೆ ತಣಿಸುತ್ತದೆ. ಹಾಗೆ ಮಾಡಿದರೆ ಆಮೇಲೆ ಟ್ಯಾಂಕನ್ನು ಚೆನ್ನಾಗಿ ತೊಳೆಯಿರಿ.

ಕೊನೆಗೆ ತುಂಬಿದ ನೀರು ಮೂರು ದಿನ ನಿಂತ ಮೇಲೂ ಪಿಎಚ್ 8.5 ದಾಟದೆ ಇದ್ದರೆ ಟ್ಯಾಂಕ್ ತಯಾರು. ಇಷ್ಟು ವಾರ ಅಂತ ಎಣಿಸಿಕೊಂಡು ಮರಿ ಬಿಡಬೇಡಿ, ಅಳೆದು ನೋಡಿ ಬಿಡಿ.

ಮರಿ ಪ್ಯಾಕೆಟ್ ತಂದ ದಿನ ಏನು ಮಾಡಬೇಕು?

ಬಿ.ಆರ್. ಪ್ರಾಜೆಕ್ಟಿನ (ಭದ್ರಾ ಅಣೆಕಟ್ಟೆಯ ಊರು) ಮೀನುಮರಿ ಕೇಂದ್ರದಿಂದಲೋ ಬೇರೆ ಕಡೆಯಿಂದಲೋ ಆಕ್ಸಿಜನ್ ತುಂಬಿದ ಪ್ಯಾಕೆಟಿನಲ್ಲಿ ಮರಿ ಬರುತ್ತವೆ. ಪ್ಯಾಕೆಟ್ ಬಿಚ್ಚದೆ 15ರಿಂದ 20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಒಳಗಿನ, ಹೊರಗಿನ ಬಿಸಿ ಒಂದಾಗಲಿ.

ಬಿಚ್ಚಿದ ಮೇಲೆ ತಡ ಮಾಡಬೇಡಿ. ಅದಕ್ಕೆ ಕಾರಣ ಇದೆ. ದಾರಿಯಲ್ಲಿ ಮರಿ ಉಸಿರಾಡಿ ಪ್ಯಾಕೆಟಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಪಿಎಚ್ ಇಳಿದಿರುತ್ತದೆ. ಅಮೋನಿಯಾ ಕೂಡ ಸೇರಿರುತ್ತದೆ. ಪಿಎಚ್ ಕಮ್ಮಿ ಇರುವ ತನಕ ಆ ಅಮೋನಿಯಾ ಅಷ್ಟು ವಿಷವಲ್ಲ. ಪ್ಯಾಕೆಟಿನ ಬಾಯಿ ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗಿ ಪಿಎಚ್ ಏರಲು ಶುರುವಾಗುತ್ತದೆ, ಅಮೋನಿಯಾ ವಿಷವಾಗುತ್ತದೆ. ಅದಕ್ಕೇ ಟ್ಯಾಂಕಿನ ನೀರನ್ನು ಚೊಂಬಿನಿಂದ ನಾಲ್ಕೈದು ಸಲ ಕೂಡಿಸಿ, ಹತ್ತು ಹದಿನೈದು ನಿಮಿಷದೊಳಗೆ ಮರಿಯನ್ನು ಮೆತ್ತನೆಯ ಬಲೆಯಲ್ಲಿ ಸೋಸಿ ಬಿಡಿ. ಪ್ಯಾಕೆಟಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಆ ದಿನ ಆಹಾರ ಬೇಡ.

ಬೆಳಗ್ಗೆ ಎದ್ದು ನೋಡಿದರೆ ಮರಿಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ. ಹಸಿವಾ?

ಹಸಿವಲ್ಲ, ಉಸಿರು ಕಟ್ಟಿದೆ. ಆಗ ಆಹಾರ ಹಾಕಿದರೆ ಇನ್ನೂ ಅಪಾಯ.

ಎರಡನ್ನೂ ಬೇರೆ ಮಾಡಿ ನೋಡುವುದನ್ನು ಕಲಿಯಬೇಕು. ಹಸಿದ ಮರಿ ನಿಮ್ಮ ನೆರಳು ಕಂಡರೆ ಒಂದು ಮೂಲೆಗೆ ಓಡಿಬರುತ್ತದೆ ಅಥವಾ ಛಕ್ಕನೆ ಮುಳುಗುತ್ತದೆ. ಆಕ್ಸಿಜನ್ ಕಮ್ಮಿಯಾದ ಮರಿ ಟ್ಯಾಂಕಿನ ತುಂಬ ಹರಡಿಕೊಂಡು, ಮೂತಿ ಮೇಲೆ, ಬಾಲ ಸ್ವಲ್ಪ ಕೆಳಗೆ ಮಾಡಿ, ಒಂದೇ ಕಡೆ ನಿಂತಿರುತ್ತದೆ. ಕಿವಿರ ಮುಚ್ಚಳ ಪಟಪಟ ಆಡುತ್ತಿರುತ್ತದೆ. ನೀರಿಗೆ ಕೈ ಹಾಕಿದರೂ ಹೆದರಿ ಓಡುವುದಿಲ್ಲ. ಗಾಳಿ ಕೊಡುವ ಕಲ್ಲಿನ ಸುತ್ತ ಗುಂಪಾಗಿ ಸೇರಿದ್ದರೂ ಅದೇ ಲಕ್ಷಣ.

ಆಕ್ಸಿಜನ್ ಲೀಟರಿಗೆ 5 ಮಿಲಿಗ್ರಾಂ ಮೇಲಿರಬೇಕು. 3ಕ್ಕಿಂತ ಕೆಳಗಿಳಿದರೆ ಮರಿ ಸೊರಗುತ್ತದೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಕ್ಸಿಜನ್ ಕಮ್ಮಿ: 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಪಾಚಿ ಇರುವ ನೀರಿನಲ್ಲಿ ಹಗಲು ಆಕ್ಸಿಜನ್ ಹುಟ್ಟುತ್ತದೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಇಳಿಯುತ್ತಾ ಹೋಗುತ್ತದೆ. ಸೂರ್ಯ ಹುಟ್ಟುವ ಮುಂಚೆ ತೀರಾ ಕಮ್ಮಿ. ಟ್ಯಾಂಕ್ ನೋಡಲು ದಿನಕ್ಕೆ ಒಂದೇ ಹೊತ್ತು ಸಿಗುವುದಾದರೆ ಆ ಹೊತ್ತಿಗೇ ಹೋಗಿ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರೋದಿಲ್ಲ. ಏನು ಮಾಡೋದು?

ಮಲೆನಾಡಿನಲ್ಲಿ ಟ್ಯಾಂಕ್ ಇಡುವವರು ಇದಕ್ಕೆ ಮೊದಲೇ ತಯಾರಿರಬೇಕು. ಬ್ಯಾಟರಿಯಲ್ಲಿ ಓಡುವ ಚಿಕ್ಕ ಏರ್ ಪಂಪ್ ಒಂದು ಇರಲಿ. ಮನೆಯ ಇನ್ವರ್ಟರಿನಿಂದ ಟ್ಯಾಂಕಿಗೆ ಒಂದು ಲೈನ್ ಎಳೆದಿಡುವುದು ಇನ್ನೂ ಒಳ್ಳೆಯದು, ಏರ್ ಪಂಪ್ ತಿನ್ನುವ ಕರೆಂಟ್ ಅಷ್ಟೇನೂ ಇಲ್ಲ.

ಯಾವುದೂ ಇಲ್ಲದಿದ್ದರೆ ಬಕೆಟಿನಲ್ಲಿ ನೀರು ಎತ್ತಿ, ತೂತಿನ ಡಬ್ಬದ ಮೂಲಕ ಸೊಂಟದ ಎತ್ತರದಿಂದ ಸುರಿಯಿರಿ. ಅಬ್ಬಿ ನೀರಿನ ಪೈಪ್ ಇದ್ದರೆ ಅದರ ತುದಿಗೆ ಸ್ಪ್ರಿಂಕ್ಲರ್ ತಲೆ ಹಾಕಿ ಸಣ್ಣಗೆ ಬಿಡಿ. ಇಂಥ ಹೊತ್ತಿನಲ್ಲಿ ನೀರು ಮೆದುವಾದರೂ ಪರವಾಗಿಲ್ಲ, ಉಸಿರು ಮೊದಲು. ಕರೆಂಟ್ ಬರುವ ತನಕ ಒಂದು ಕಾಳು ಆಹಾರವೂ ಬೇಡ. ಎರಡು ಮೂರು ದಿನ ಉಪವಾಸ ಇದ್ದರೆ ಕಾಟ್ಲಾ, ರೋಹು ಮರಿ ಸಾಯುವುದಿಲ್ಲ. ತಂದು ವಾರವೂ ಆಗದ ಸ್ಪಾನ್ (ಮೊಟ್ಟೆಯೊಡೆದು ಕೆಲವೇ ದಿನಗಳಾದ ಪುಟ್ಟ ಮರಿ) ಆದರೆ ಇಷ್ಟು ತಡೆಯುವುದಿಲ್ಲ, ಅದಕ್ಕೆ ಮಾತ್ರ ಚೂರೇ ಚೂರು ಹಾಕಿ.

ಅಮೋನಿಯಾ ಅಂತ ಎಲ್ಲರೂ ಹೇಳ್ತಾರೆ. ಅದು ಎಲ್ಲಿಂದ ಬರುತ್ತೆ?

ನೀವು ಹಾಕುವ ಆಹಾರದಿಂದ. ಮರಿ ತಿಂದ ಪ್ರೋಟೀನಿನ ಒಂದು ಭಾಗ ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಗೆ ಬರುತ್ತದೆ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ.

ಒಂದು ಲೆಕ್ಕ ನೋಡಿ. 1000 ಲೀಟರ್ ಟ್ಯಾಂಕ್. 35 ಪರ್ಸೆಂಟ್ ಪ್ರೋಟೀನ್ ಇರುವ ಆಹಾರ 100 ಗ್ರಾಂ ಹಾಕಿದಿರಿ. ಅದರಿಂದ ಸುಮಾರು 3 ಗ್ರಾಂ ಅಮೋನಿಯಾ (ನೈಟ್ರೋಜನ್ ಲೆಕ್ಕದಲ್ಲಿ) ಹುಟ್ಟುತ್ತದೆ, ಅಂದರೆ ಲೀಟರಿಗೆ 3 ಮಿಲಿಗ್ರಾಂ. ಇದೆಲ್ಲವೂ ವಿಷವಲ್ಲ. ಎಷ್ಟು ಪಾಲು ವಿಷ ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. ನೀರು 25 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ನೂರಕ್ಕೆ ಬರೀ 0.5 ಪಾಲು ಮಾತ್ರ ವಿಷ. ಪಿಎಚ್ 8ರಲ್ಲಿ ನೂರಕ್ಕೆ 5. ಪಿಎಚ್ 9ರಲ್ಲಿ ನೂರಕ್ಕೆ 36. ಮರಿಗೆ ತಡೆಯುವುದು ಲೀಟರಿಗೆ 0.02ರಿಂದ 0.05 ಮಿಲಿಗ್ರಾಂ ವಿಷ ಅಮೋನಿಯಾ ಮಾತ್ರ. ಹಾಗಾಗಿ ಅದೇ 3 ಮಿಲಿಗ್ರಾಂ, ಬೆಳಗ್ಗೆ ಪಿಎಚ್ 7 ಇದ್ದಾಗ ಏನೂ ಮಾಡದೆ, ಪಾಚಿಯಿಂದ ಮಧ್ಯಾಹ್ನ 9ಕ್ಕೆ ಏರಿದಾಗ ಇಡೀ ಟ್ಯಾಂಕನ್ನು ಮುಗಿಸಬಲ್ಲದು. ಬೆಳಗ್ಗೆ ಚೆನ್ನಾಗಿದ್ದ ಮರಿ ಸಂಜೆಗೆ ಸತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಅಮೋನಿಯಾ ಪರೀಕ್ಷೆ ಮಾಡಿದಾಗ ಜೊತೆಗೆ ಪಿಎಚ್ ಬರೆದುಕೊಳ್ಳದಿದ್ದರೆ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಟ್ಯಾಂಕಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಕೆಲಸಕ್ಕೆ ಅವು ಅಲ್ಕಲಿನಿಟಿಯನ್ನು ತಿನ್ನುತ್ತವೆ: 1 ಗ್ರಾಂ ಅಮೋನಿಯಾ ನೈಟ್ರೋಜನ್ನಿಗೆ ಸುಮಾರು 7 ಗ್ರಾಂ. ಮೇಲಿನ 3 ಗ್ರಾಂ ಪೂರ್ತಿ ನೈಟ್ರೇಟ್ ಆಗಬೇಕಾದರೆ ಲೀಟರಿಗೆ 20 ಮಿಲಿಗ್ರಾಂಗೂ ಹೆಚ್ಚು ಅಲ್ಕಲಿನಿಟಿ ಖಾಲಿ. ನಮ್ಮ ಬಾವಿ ನೀರಿನಲ್ಲಿ ಎಷ್ಟೋ ಸಲ ಇರುವುದೇ ಅಷ್ಟು! ಅಲ್ಕಲಿನಿಟಿ ಮುಗಿದರೆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಉಳಿಯುತ್ತದೆ. ನೀರು ಬದಲಿಸುವುದು ಕಮ್ಮಿ ಇರುವ ಟ್ಯಾಂಕಿಗೆ 100 ಗ್ರಾಂ ಆಹಾರಕ್ಕೆ 25 ಗ್ರಾಂ ಆಸುಪಾಸು ಸೋಡಾ ಕೊಡುತ್ತಾ, ವಾರಕ್ಕೆ ಎರಡು ಸಲ ಹನಿ ಪರೀಕ್ಷೆ ಮಾಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ.

ಆಹಾರ ಎಷ್ಟು ಹಾಕಬೇಕು? ಮರಿ ಎಷ್ಟು ಬಿಡಬೇಕು?

ಫ್ರೈ ಹಂತದ (ಸ್ಪಾನ್ ದಾಟಿದ, ಇನ್ನೂ ಬೆರಳುದ್ದ ಆಗದ) ಮರಿಗೆ ದಿನಕ್ಕೆ ಒಟ್ಟು ತೂಕದ ನೂರಕ್ಕೆ 5ರಿಂದ 10 ಪಾಲು, ಮೂರು ನಾಲ್ಕು ಸಲ ಹಂಚಿ. ಶೇಂಗಾ ಹಿಂಡಿ ಮತ್ತು ತೌಡು ಸಮಸಮ ಕೂಡಿಸಿ, ನುಣ್ಣಗೆ ಜರಡಿ ಹಿಡಿದು ಹಾಕುವುದು ಹಳೆಯ ಪದ್ಧತಿ. ಒಳ್ಳೆಯದೇ. ಆದರೆ ಪುಡಿಯಾದ್ದರಿಂದ ನೀರಿನಲ್ಲಿ ಕದಡಿ ಹಾಳಾಗುವುದು ಜಾಸ್ತಿ. ಟ್ಯಾಂಕಿಗೆ ಸಣ್ಣ ಕಾಳಿನ ಆಹಾರ ಹೆಚ್ಚು ಅನುಕೂಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಖಾಲಿಯಾಗದಿದ್ದರೆ ಮುಂದಿನ ಹೊತ್ತಿಗೆ ಕಮ್ಮಿ ಮಾಡಿ.

ಸ್ಪಾನ್ ಹಂತದಲ್ಲಿ ಸಿಮೆಂಟ್ ಟ್ಯಾಂಕಿಗೆ ಚದರ ಮೀಟರಿಗೆ 1000ದಿಂದ 2000 ಬಿಡುವ ರೂಢಿ ಇದೆ. ಅದು ಗಾಳಿ, ನೀರು ಎಲ್ಲ ಕೈಯಲ್ಲಿ ಇರುವವರ ಲೆಕ್ಕ. ಹೊಸಬರು ಅದರ ಅರ್ಧದಿಂದ ಶುರು ಮಾಡಿ. ಬೆಳೆದಂತೆಲ್ಲ ಬೇರೆ ಟ್ಯಾಂಕಿಗೆ ಹಂಚಬೇಕು.

ನೀರು ದಿನಾ ಬದಲಿಸಬೇಕಾ?

ಪೂರ್ತಿ ಬೇಡ. ದಿನಕ್ಕೆ ನೂರಕ್ಕೆ 10ರಿಂದ 20 ಪಾಲು ಸಾಕು, ಅದನ್ನೂ ತಳದಿಂದ ತೆಗೆಯಿರಿ. ಅರ್ಧ ಇಂಚಿನ ಪೈಪಿನ ತುದಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ ಎಳೆದರೆ ಮರಿ ಹೋಗುವುದಿಲ್ಲ. ಆದರೆ ಗಸಿಯೂ ಬೇಗ ಬರುವುದಿಲ್ಲ, ಬಟ್ಟೆ ಕಟ್ಟಿಕೊಳ್ಳುತ್ತದೆ. ನನಗೆ ಸರಿ ಕಂಡ ಉಪಾಯ ಬೇರೆ. ಬಟ್ಟೆ ಕಟ್ಟದೆ ಎಳೆಯಿರಿ, ಪೈಪಿನ ಇನ್ನೊಂದು ತುದಿಯನ್ನು ನೀರು ತುಂಬಿದ ಬಕೆಟಿನೊಳಗೆ ಇಟ್ಟ ಪರದೆ ಚೀಲಕ್ಕೆ ಬಿಡಿ. ಗಸಿಯ ಜೊತೆ ಬಂದ ಮರಿ ಚೀಲದಲ್ಲಿ ಉಳಿಯುತ್ತದೆ, ಆರಿಸಿ ವಾಪಸ್ ಬಿಡಬಹುದು. ಪೈಪನ್ನು ಗಸಿ ಕೂತ ಜಾಗದ ಮೇಲೆ ನಿಧಾನ ಆಡಿಸಿ. ಕೆದಕಿದರೆ ಎಲ್ಲ ಮೇಲೇಳುತ್ತದೆ, ಮತ್ತೆ ಕೂರಲು ಗಂಟೆಗಟ್ಟಲೆ ಬೇಕು.

ಹೊಸ ನೀರಿನ ಬಿಸಿಯೂ ಟ್ಯಾಂಕಿನ ಬಿಸಿಯೂ ಹೆಚ್ಚುಕಮ್ಮಿ ಒಂದೇ ಇರಲಿ.

ಪರೀಕ್ಷೆಯಲ್ಲಿ ನೈಟ್ರೈಟ್ ಬಂತು. ಹೆದರಬೇಕಾ?

ಹೊಸ ಟ್ಯಾಂಕಿನಲ್ಲಿ ಮೊದಲ ಕೆಲವು ವಾರ ಇದು ಬಂದೇ ಬರುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಕ್ಸಿಜನ್ ಹೊರಲಾರದು. ಕಿವಿರು ಕೆಂಪಗಿರುವ ಬದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಸುಲಭ ಉಪಾಯ ಕಲ್ಲುಪ್ಪು. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗದಂತೆ ತಡೆಯುತ್ತದೆ. 1000 ಲೀಟರಿಗೆ 200 ಗ್ರಾಂ ಕರಗಿಸಿ ಹಾಕಿ. ಮೆದು ನೀರಿನಲ್ಲಿ ಕ್ಲೋರೈಡ್ ಸಹಜವಾಗಿಯೇ ಕಮ್ಮಿ ಇರುವುದರಿಂದ, ನಮ್ಮ ಕಡೆ ಮರಿ ಬಿಡುವ ಮೊದಲೇ ಇಷ್ಟು ಉಪ್ಪು ಹಾಕಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಉಪ್ಪು ಆವಿಯಾಗಿ ಹೋಗುವುದಿಲ್ಲ. ನೀರು ಬದಲಿಸಿದಷ್ಟಕ್ಕೆ ಮಾತ್ರ ಮತ್ತೆ ಹಾಕಿ.

ಬಯೋಫ್ಲಾಕ್ ಮಾಡಿದರೆ ನೀರೇ ಬದಲಿಸಬೇಕಿಲ್ಲ ಅಂತಾರಲ್ಲ?

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಬೆಲ್ಲ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ, ಅವು ಅಮೋನಿಯಾವನ್ನು ಹೀರಿಕೊಳ್ಳುವಂತೆ ಮಾಡುವ ಪದ್ಧತಿ ಇದು. 1 ಗ್ರಾಂ ಅಮೋನಿಯಾ ನೈಟ್ರೋಜನ್ನಿಗೆ ಸುಮಾರು 20 ಗ್ರಾಂ ಸಕ್ಕರೆ ಅಂಶ ಬೇಕು. ಕೆಲಸ ಮಾಡುತ್ತದೆ, ನಿಜ. ಆದರೆ ಆ ಬ್ಯಾಕ್ಟೀರಿಯಾಗಳಿಗೂ ಹಗಲು ರಾತ್ರಿ ಆಕ್ಸಿಜನ್ ಬೇಕು. ಗಾಳಿ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಟ್ಯಾಂಕಿನ ಕಥೆ ಮುಗಿಯುತ್ತದೆ. ಜುಲೈನಲ್ಲಿ ನಿಮ್ಮ ಊರಿನ ಕರೆಂಟ್ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ? ಜನರೇಟರ್ ಇಲ್ಲದ ಹಳ್ಳಿ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ನೀರು ಹಸಿರಾಗಿದೆ. ಖಾಲಿ ಮಾಡಲಾ?

ತಿಳಿ ಹಸಿರಾದರೆ ಒಳ್ಳೆಯದು, ಮರಿಗೆ ಅದರಲ್ಲೇ ಊಟ ಇದೆ. ಕೈಯನ್ನು ಮೊಣಕೈ ತನಕ ಮುಳುಗಿಸಿ. ಅಂಗೈ ಮಸುಕಾಗಿ ಕಂಡರೆ ಸರಿ. ಮಣಿಕಟ್ಟು ಮುಳುಗುವಷ್ಟರಲ್ಲೇ ಕೈ ಕಾಣದಿದ್ದರೆ ಪಾಚಿ ಅತಿಯಾಗಿದೆ. ಅರ್ಧ ಟ್ಯಾಂಕಿಗೆ ಸೋಗೆಯ ನೆರಳು ಕೊಡಿ, ಎರಡು ದಿನ ಆಹಾರ ನಿಲ್ಲಿಸಿ, ಸ್ವಲ್ಪ ನೀರು ಬದಲಿಸಿ. ಪಾಚಿ ಕೊಲ್ಲಲು ಮೈಲುತುತ್ತ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಯಾಕೆ ಅಂತ ಕೆಳಗಿದೆ.

ತೋಟಕ್ಕೆ ಕೊಳೆ ಔಷಧಿ ಹೊಡೆಯುವಾಗ ಟ್ಯಾಂಕಿಗೆ ತೊಂದರೆ ಆಗುತ್ತಾ?

ಆಗುತ್ತದೆ. ಅಡಿಕೆ ಸೀಮೆಯಲ್ಲಿ ಮರಿ ಸಾಕುವವರು ಇದನ್ನು ತುಂಬಾ ಗಂಭೀರವಾಗಿ ತೆಗೆದುಕೊಳ್ಳಬೇಕು.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಒಂದು ಲೀಟರ್ ದ್ರಾವಣ 1000 ಲೀಟರ್ ಟ್ಯಾಂಕಿಗೆ ಬಿದ್ದರೆ ಲೀಟರಿಗೆ 2.5 ಮಿಲಿಗ್ರಾಂ ತಾಮ್ರ ಸೇರಿದಂತೆ. ಅದರಲ್ಲಿ ಸ್ವಲ್ಪ ಭಾಗ ಸುಣ್ಣದ ಜೊತೆ ತಳಕ್ಕೆ ಕೂರಬಹುದು. ಆದರೆ ಮೆದು ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಕರಗಿದ ತಾಮ್ರವೂ ಮರಿಗೆ ಅಪಾಯ. ಗಡಸು ನೀರಿನಲ್ಲಿ ಬೈಕಾರ್ಬೋನೇಟ್ ಮತ್ತು ಕ್ಯಾಲ್ಸಿಯಂ ತಾಮ್ರದ ವಿಷವನ್ನು ತಗ್ಗಿಸುತ್ತವೆ. ನಮ್ಮ ನೀರಿನಲ್ಲಿ ಆ ರಕ್ಷಣೆ ಇಲ್ಲ. ಅಲ್ಕಲಿನಿಟಿ 50ಕ್ಕಿಂತ ಕಮ್ಮಿ ಇರುವ ನೀರಿಗೆ ಮೈಲುತುತ್ತ ಹಾಕಲೇಬಾರದು ಅನ್ನುವುದು ಮೀನು ಸಾಕಣೆಯವರು ಪಾಲಿಸುವ ನಿಯಮ.

ಹಾಗಾಗಿ ಮರಿ ಟ್ಯಾಂಕನ್ನು ಅಡಿಕೆ ಮರದ ಕೆಳಗೆ ಇಡಲೇಬೇಡಿ. ಗಾಳಿಗೆ ಹನಿ ತೇಲಿ ಬರುವಷ್ಟು ಹತ್ತಿರ ಇದ್ದರೆ, ಔಷಧಿ ಹೊಡೆಯುವ ದಿನ ಪೂರ್ತಿ ಟಾರ್ಪಾಲ್ ಮುಚ್ಚಿ, ಒಳಗೆ ಗಾಳಿ ಓಡುತ್ತಿರಲಿ. ಆಮೇಲೆ ಬರುವ ಮಳೆಯಲ್ಲಿ ಸೋಗೆಯಿಂದ ಇಳಿಯುವ ನೀರು, ಮಾಡಿನ ನೀರು ಟ್ಯಾಂಕಿಗೆ ಬೀಳಬಾರದು. ದ್ರಾವಣ ಕಲಸಿದ ಡ್ರಮ್, ಪೈಪ್, ಕೈ ತೊಳೆದ ನೀರು ಬಾವಿ ಕಟ್ಟೆಯ ಹತ್ತಿರ, ಅಬ್ಬಿ ಕಾಲುವೆಯ ಹತ್ತಿರ ಹೋಗಬಾರದು. ಔಷಧಿ ಹೊಡೆಯುವವರು ದಣಿದು ಇಳಿದು ಬಂದಾಗ ಮೊದಲು ಸಿಗುವ ನೀರಲ್ಲೇ ಕೈ ತೊಳೆಯುತ್ತಾರೆ. ಅವರಿಗೆ ಬೇರೆ ಬಕೆಟ್ ನೀರು ನೀವೇ ಇಟ್ಟಿರಿ. ಔಷಧಿಯ ಬಕೆಟ್, ಚೊಂಬನ್ನು ಟ್ಯಾಂಕಿನ ಕೆಲಸಕ್ಕೆ ಮುಟ್ಟಿಸಬೇಡಿ.

ಜೋರು ಮಳೆಯ ನೀರು ನೇರ ಟ್ಯಾಂಕಿಗೆ ಬಿದ್ದರೆ?

ಮಳೆ ನೀರಿನಲ್ಲಿ ಅಲ್ಕಲಿನಿಟಿ ಇರುವುದಿಲ್ಲ ಅಂತಲೇ ಲೆಕ್ಕ, ಪಿಎಚ್ 5.6ರ ಆಸುಪಾಸು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಒಂದು ಮೀಟರ್ ಆಳದ ಟ್ಯಾಂಕಿಗೆ ಒಂದೇ ದಿನದಲ್ಲಿ ಹತ್ತಿಪ್ಪತ್ತು ಸೆಂಟಿಮೀಟರ್ ನೀರು ಬೀಳಬಹುದು. ನೀವು ಹಾಕಿದ ಸೋಡಾ, ಉಪ್ಪು ತುಂಬಿ ಹರಿಯುವ ನೀರಿನ ಜೊತೆ ಹೋಗಿಬಿಡುತ್ತದೆ. ಮೇಲೆ ಇಳಿಜಾರಾಗಿ ಪ್ಲಾಸ್ಟಿಕ್ ಮಾಡು ಹಾಕುವುದೇ ಸರಿಯಾದ ದಾರಿ. ಮಾಡು ಇಲ್ಲದವರು ದೊಡ್ಡ ಮಳೆಯ ಮಾರನೇ ದಿನ ತಪ್ಪದೆ ಹನಿ ಪರೀಕ್ಷೆ ಮಾಡಿ.

ಅಡಿಕೆ ಬೇಯಿಸಿದ ಚೊಗರು ಟ್ಯಾಂಕಿಗೆ ಸೇರಿದರೆ ಏನಾಗುತ್ತದೆ?

ಸೇರಬಾರದು. ಚೊಗರಿನಲ್ಲಿ ಒಗರಿನ ಅಂಶ ತುಂಬಾ ಗಟ್ಟಿಯಾಗಿರುತ್ತದೆ. ಅದು ಕೊಳೆಯುವಾಗ ನೀರಿನ ಆಕ್ಸಿಜನ್ ಎಲ್ಲ ಎಳೆದುಕೊಳ್ಳುತ್ತದೆ. ಸುಗ್ಗಿಯಲ್ಲಿ ಹಂಡೆ ತೊಳೆದ ನೀರು ಎತ್ತ ಹರಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಚಳಿಗಾಲದಲ್ಲಿ ಮರಿ ತಿನ್ನೋದೇ ಇಲ್ಲ.

ಕಾಟ್ಲಾ, ರೋಹು ಮರಿಗೆ 25ರಿಂದ 32 ಡಿಗ್ರಿ ಹಿತ. ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಹಸಿವು ಕಮ್ಮಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳೂ ಮಂದ ಆಗುತ್ತವೆ. ಆಹಾರವನ್ನು ಅರ್ಧಕ್ಕೆ ಇಳಿಸಿ, ಬಿಸಿಲೇರಿದ ಮೇಲೆ ಹಾಕಿ. ರಾತ್ರಿ ಮೇಲೆ ಹೊದಿಕೆ ಹಾಕಿದರೆ ಬಿಸಿ ಉಳಿಯುತ್ತದೆ.

ಟ್ಯಾಂಕಿನಲ್ಲಿ ಕಪ್ಪೆ ಮೊಟ್ಟೆ, ಹುಳ ಇವೆ. ತೆಗೆಯಬೇಕಾ?

ತೆಗೆಯಿರಿ. ಗೊದಮೊಟ್ಟೆಗಳು ಆಹಾರಕ್ಕೆ ಪಾಲುಗಾರರು. ಏರೋಪ್ಲೇನ್ ಚಿಟ್ಟೆಯ ಮರಿಹುಳು ಮತ್ತು ಬೆನ್ನು ಕೆಳಗೆ ಮಾಡಿ ಈಜುವ ನೀರುಹುಳ ಸಣ್ಣ ಮೀನುಮರಿಯನ್ನೇ ಹಿಡಿದು ತಿನ್ನುತ್ತವೆ. ಸಣ್ಣ ಕಣ್ಣಿನ ಬಲೆ ಮುಚ್ಚಿದರೆ ಇವೂ ಬರುವುದಿಲ್ಲ, ಮಿಂಚುಳ್ಳಿ ಮತ್ತು ನೀರೊಳ್ಳೆ ಹಾವಿನ ಕಾಟವೂ ತಪ್ಪುತ್ತದೆ. ಕಪ್ಪೆ ಮೊಟ್ಟೆಯನ್ನು ಬಿಸಾಡದೆ ಹತ್ತಿರದ ಗುಂಡಿಗೆ ಬಿಡಿ.

ಒಮ್ಮೆಲೇ ಸಾಯಲು ಶುರುವಾದರೆ ಮೊದಲು ಏನು ಮಾಡಲಿ?

ಆಹಾರ ನಿಲ್ಲಿಸಿ, ಗಾಳಿ ಜಾಸ್ತಿ ಮಾಡಿ. ಪಿಎಚ್ ಮತ್ತು ಅಮೋನಿಯಾ ನೋಡಿ. ನಿಲ್ಲಿಸಿಟ್ಟ ಒಳ್ಳೆಯ ನೀರು ಇದ್ದರೆ ಕಾಲು ಭಾಗ ಬದಲಿಸಿ. ಸತ್ತದ್ದನ್ನು ಕೂಡಲೇ ತೆಗೆಯಿರಿ. ಇದೆಲ್ಲ ಆಗುವ ಮುಂಚೆ ಅಂಗಡಿಯಿಂದ ಔಷಧಿ ತಂದು ಸುರಿಯಬೇಡಿ. ಟ್ಯಾಂಕಿನಲ್ಲಿ ರೋಗ ಅಂತ ಕಾಣುವುದು ಎಷ್ಟೋ ಸಲ ನೀರಿನ ತೊಂದರೆಯೇ ಆಗಿರುತ್ತದೆ. ಔಷಧಿ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಇನ್ನೂ ಏರಬಹುದು. ತಿಳಿಯದಿದ್ದರೆ ಒಂದು ಲೀಟರ್ ನೀರು, ಬದುಕಿರುವ ನಾಲ್ಕು ಮರಿ ಹಿಡಿದುಕೊಂಡು ತಾಲ್ಲೂಕು ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ. ಸತ್ತು ಬಾಡಿದ ಮರಿ ನೋಡಿ ಯಾರಿಗೂ ಏನೂ ಹೇಳಲು ಆಗುವುದಿಲ್ಲ.

ಟ್ಯಾಂಕಿನಿಂದ ತೆಗೆದ ನೀರು, ಉಳಿದ ಮರಿ ಹಳ್ಳಕ್ಕೆ ಬಿಡಬಹುದಾ?

ನೀರನ್ನು ಅಡಿಕೆ ಬುಡಕ್ಕೆ, ತರಕಾರಿ ಪಾತಿಗೆ ಬಿಡಿ. ಒಳ್ಳೆಯ ಗೊಬ್ಬರ. ಮೇಲೆ ಹೇಳಿದಷ್ಟು ಉಪ್ಪಿನಿಂದ ಗಿಡಕ್ಕೆ ತೊಂದರೆ ಇಲ್ಲ.

ಮರಿಯನ್ನು ಮಾತ್ರ ಹಳ್ಳಕ್ಕೆ, ಹೊಳೆಗೆ ಬಿಡಬೇಡಿ. ತುಂಗೆ, ಶರಾವತಿಯ ಹಳ್ಳಗಳಲ್ಲಿ ಇಲ್ಲಿಯದೇ ಆದ ಮೀನುಗಳಿವೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಜನ ಅವನ್ನು ಇವತ್ತಿಗೂ ಕಾಪಾಡಿಕೊಂಡು ಬಂದಿದ್ದಾರೆ. ಹೊರಗಿನ ಗೆಂಡೆ, ತಿಲಾಪಿಯ ಸೇರಿದರೆ ಅವುಗಳ ಜಾಗಕ್ಕೆ ಕುತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಂತೂ ನಮ್ಮ ದೇಶದಲ್ಲಿ ನಿಷೇಧ, ಮರಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಟ್ಯಾಂಕಿನ ನೀರು ಹೊರಗೆ ಹೋಗುವ ಪೈಪಿಗೆ ಪರದೆ ಕಟ್ಟಿ, ಅದರ ಕೆಳಗೆ ಒಂದು ಇಂಗುಗುಂಡಿ ತೆಗೆಯಿರಿ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿ ಹರಿದಾಗಲೂ ಮರಿ ಆ ಗುಂಡಿ ದಾಟಿ ಹೋಗಬಾರದು.